ಬೀಳದ ಗೇರು

ಲಿವರು ಮತ್ತೆ ಅರ್ಧಕ್ಕೆ ಬಂದು ನಿಂತಿತು.

ದ್ಯಾಮಣ್ಣ ಎರಡೂ ಕೈ ಹಾಕಿ ಎಳೆದ. ಜೀಪಿನ ಹೊಟ್ಟೆಯಲ್ಲಿ ಕರಕರ ಸದ್ದಾಯಿತು. ಕ್ಲಚ್ ಬಿಟ್ಟ. ಗಾಡಿ ಒಂದು ಮಾರು ಮುಂದೆ ಹೋಯಿತು. ಟಕ್ ಎಂದು ಗೇರು ಕಳಚಿತು. ಎಂಜಿನ್ ಮಾತ್ರ ಸುಮ್ಮನೆ ಕೂಗುತ್ತ ಉಳಿಯಿತು.

ಚಾವಿ ತಿರುಗಿಸಿ ಆರಿಸಿದ. ಸ್ಟೇರಿಂಗಿಗೆ ಹಣೆ ಹಚ್ಚಿ ಕುಳಿತ.

ಅಂದು ಸೋಮವಾರ. ಗುರುವಾರ ಬೆಳಿಗ್ಗೆ ಎಂಟಕ್ಕೆ ಸೇತುವೆಯ ಹತ್ತಿರ ಕಣ್ಣಿನ ಆಸ್ಪತ್ರೆಯ ಬಸ್ಸು ಬರುತ್ತದೆ. ಅಷ್ಟರೊಳಗೆ ಗುಡ್ಡದ ಮೇಲಿಂದ ಮುದುಕಿ ತಿಪ್ಪವ್ವನನ್ನು ಇಳಿಸಬೇಕು.

ತಿಪ್ಪವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಪೂರ್ತಿ ಮುಚ್ಚಿತ್ತು. ಇನ್ನೊಂದರಲ್ಲಿ ಬರೀ ನೆರಳು. ಬಸ್ಸು ಬರುವುದು ವರ್ಷಕ್ಕೊಮ್ಮೆ. ಹೋದ ವರ್ಷ ಅವಳು ಜ್ವರ ಬಂದು ಮಲಗಿದ್ದಳು.

ಗುಡ್ಡದ ಮೇಲೆ ಹನ್ನೊಂದು ಮನೆ. ಗಟ್ಟಿಮುಟ್ಟಾದವರೆಲ್ಲ ಕಬ್ಬು ಕಡಿಯಲು ಹೋಗಿದ್ದರು. ಯುಗಾದಿಯ ಹೊತ್ತಿಗೆ ಬರುವವರು. ಹೊತ್ತು ತರೋಣವೆಂದರೆ ಅಲ್ಲಿ ಒಂದು ಹೆಗಲಿರಲಿಲ್ಲ.

ದಾರಿ ಒಂದೇ. ಅದರ ನಡುವೆ ಜಾರುಬಂಡೆ. ಇನ್ನೂರು ಮಾರು ಬರೀ ಕಲ್ಲು, ಮಳೆನೀರು ಹರಿದು ಹರಿದು ನುಣುಪಾದದ್ದು. ಇಳಿಯುವಾಗ ಎಡಗಡೆ ಕೊರಕಲು.

ಗುಡ್ಡದ ಕೆಳಗಿನ ಮಠದ ಜೀಪು ಹಳೆಯದು. ದೊಡ್ಡ ಗೇರಿನ ಪಕ್ಕದಲ್ಲಿ ಎರಡು ಸಣ್ಣ ಲಿವರುಗಳಿದ್ದವು. ಒಂದನ್ನು ಎಳೆದರೆ ಮುಂದಿನ ಗಾಲಿಗಳೂ ದುಡಿಯುತ್ತವೆ. ಇನ್ನೊಂದು ಲೋ ಗೇರು. ಅದು ಬಿದ್ದರೆ ಗಾಡಿ ಎಮ್ಮೆಯ ಹಾಗೆ ನಡೆಯುತ್ತದೆ, ಎಂಥ ಏರನ್ನೂ ಹತ್ತುತ್ತದೆ. ಇಳಿಯುವಾಗ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ.

ಅದಿಲ್ಲದೆ ಜಾರುಬಂಡೆ ಇಳಿದರೆ ಏನಾಗುತ್ತದೆ ಎಂಬುದನ್ನು ದ್ಯಾಮಣ್ಣ ಕಂಡಿದ್ದ.

ಇಪ್ಪತ್ತು ದಿನದ ಹಿಂದೆ ಮೂರು ಚೀಲ ಹುಣಸೆಹಣ್ಣು ಹಾಕಿಕೊಂಡು ಇಳಿಯುತ್ತಿದ್ದ. ನಡುವಿನಲ್ಲಿ ಲೋ ಗೇರು ತಾನಾಗಿ ಕಳಚಿತು. ಗಾಡಿ ಓಡಿತು. ಬ್ರೇಕು ತುಳಿದ. ಬ್ರೇಕು ಕಾದು ಹೊಗೆ ಬಂತು. ಪೆಡಲು ತಳ ಮುಟ್ಟಿತು. ಬಲಗಡೆಯ ದಿಬ್ಬಕ್ಕೆ ಗುದ್ದಿ ನಿಲ್ಲಿಸಿದ. ಒಂದು ಚೀಲ ಕೊರಕಲಿಗೆ ಬಿತ್ತು. ಅದು ಕೆಳಗೆ ಮುಟ್ಟುವವರೆಗೂ ಅವನು ಸದ್ದು ಕೇಳುತ್ತ ಕುಳಿತಿದ್ದ.

ಆಮೇಲೆ ಬ್ರೇಕು ಸರಿಮಾಡಿದ. ಲೋ ಗೇರು ಮಾತ್ರ ಮತ್ತೆ ಬೀಳಲಿಲ್ಲ.

ಅವನು ಇಳಿದು ಅಜ್ಜನ ಕೋಣೆಗೆ ಹೋದ.

ನಿರುಪಾದಿ ಅಜ್ಜ ಮಠದ ಗುರು. ಎಪ್ಪತ್ತೆಂಟು ವರ್ಷ. ಸನ್ಯಾಸ ತೆಗೆದುಕೊಳ್ಳುವ ಮುಂಚೆ ಕಲ್ಲುಗಣಿಯಲ್ಲಿ ಗಾಡಿ ಓಡಿಸಿದವರು. ಹತ್ತು ದಿನದಿಂದ ಜ್ವರ, ಕೆಮ್ಮು. ಹಳ್ಳದ ಕಡೆಯ ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದರು.

"ಅಜ್ಜಾರ, ಗೇರು ಬೀಳವಲ್ದ್ರಿ."

"ಹ್ಞೂಂ."

"ಮೂರು ಸಲ ಗೇರುಬಾಕ್ಸು ಬಿಚ್ಚಿದೆ. ಹಲ್ಲು ಚಲೋ ಅದಾವು. ಬೇರಿಂಗು ಚಲೋ ಅದಾವು. ಎಣ್ಣಿ ಹೊಸಾದು ಹಾಕೇನಿ."

"ಮತ್ತೇನು ನೋಡಿದಿ?"

"ಎಲ್ಲಾ ನೋಡೇನ್ರಿ. ಏನೂ ಬಿಟ್ಟಿಲ್ಲ."

ಅಜ್ಜ ಕೆಮ್ಮಿದರು. ಗೋಡೆಯ ಕಡೆ ಹೊರಳಿದರು.

"ಹಂಗಾರ ಗೇರು ಬಿದ್ದಿರಬೇಕಲ್ಲ."

ದ್ಯಾಮಣ್ಣ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಅವನು ಹೊರಗೆ ಬಂದ.

ಅವನು ಹತ್ತೊಂಬತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಕೆಲಸ ಬಿಟ್ಟ. ಮನಸ್ಸಿಗೆ ನೆಮ್ಮದಿ ಬೇಕು ಎಂದು ಅಜ್ಜನ ಮುಂದೆ ಬಂದು ಕುಳಿತ. ಅಜ್ಜ ಅವನ ಕೈ ನೋಡಿದರು. ಉಗುರಿನ ಸಂದಿಯ ಮಸಿ ನೋಡಿದರು. ಒಳಗೆ ಹೋಗಿ ನಟ್ಟು ಬಿಚ್ಚುವ ಒಂದು ಪಾನಾ ತಂದುಕೊಟ್ಟರು.

"ಜೀಪಿನ ಹಿಂದಿನ ಗಾಲಿ ಅಲಗಾಡತೈತಿ. ನೋಡು."

ಅದಾಗಿ ಒಂಬತ್ತು ವರ್ಷ. ಅಂದಿನಿಂದ ಇಂದಿನವರೆಗೆ ಅಜ್ಜ ಉಪದೇಶವೆಂದು ಒಂದು ಮಾತೂ ಹೇಳಿರಲಿಲ್ಲ. ಗಾಲಿ, ಪಂಪು, ಅಡುಗೆಮನೆಯ ಚಿಮಣಿ, ಹಟ್ಟಿಯ ಬಾಗಿಲು. ದ್ಯಾಮಣ್ಣ ಇವನ್ನೇ ನೋಡುತ್ತ ಬಂದಿದ್ದ.

ಮಂಗಳವಾರ ಬೆಳಿಗ್ಗೆ ಅವನು ನಡೆದೇ ಗುಡ್ಡ ಹತ್ತಿದ. ಹೋಗುವಾಗ ಎರಡು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡಿದ್ದ. ಸುದ್ದಿ ಹೇಳಬೇಕಿತ್ತು. ಹೇಳಲು ಮನಸ್ಸಿರಲಿಲ್ಲ.

ತಿಪ್ಪವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಬಟ್ಟೆಯ ಗಂಟು. ಗಂಟಿನ ಮೇಲೆ ಆಸ್ಪತ್ರೆಯ ಚೀಟಿ, ಹಾರಿಹೋಗದಂತೆ ಅದರ ಮೇಲೊಂದು ಕಲ್ಲು.

"ಯಾರದು? ಹೆಜ್ಜಿ ಎಳದ ಬರಾಕತ್ತೀರಿ."

"ನಾ ಯವ್ವಾ, ದ್ಯಾಮಣ್ಣ."

"ಜೀಪಿನ ಸಪ್ಪಳ ಕೇಳಲಿಲ್ಲ?"

"ನಡಕೊಂತ ಬಂದೆ ಬೇ."

ಅವಳು ಪಕ್ಕದ ಗಂಟನ್ನು ಒಮ್ಮೆ ಸವರಿದಳು. ಆಮೇಲೆ ನಕ್ಕಳು.

"ಗೇರು ಬಿದ್ದಿಲ್ಲೇನು ಇನ್ನಾ? ನನ್ನ ಹಲ್ಲೆಲ್ಲಾ ಯಾರೂ ಎಳೀದ ಬಿದ್ದುವು. ನಿನ್ನ ಒಂದು ಗೇರು ಬೀಳವಲ್ದಲ್ಲೋ."

ದ್ಯಾಮಣ್ಣ ರೊಟ್ಟಿಯ ಗಂಟನ್ನು ಅವಳ ಕೈಗೆ ಕೊಟ್ಟ. ಆಗ ಅವಳ ಬಲ ಅಂಗೈ ಕಾಣಿಸಿತು. ಹೆಬ್ಬೆಟ್ಟಿನಿಂದ ಮುಂಗೈಯವರೆಗೆ ಸುಟ್ಟಿತ್ತು. ಮೇಲೆ ಅರಿಸಿನ ಮೆತ್ತಿದ್ದಳು.

"ಇದೇನು ಬೇ?"

"ಒಲಿ. ಬೆಂಕಿ ಆರೇತಿ ಅಂತ ಮಾಡಿದ್ದೆ. ಆರಿರಲಿಲ್ಲ."

"ಯಾವಾಗ?"

"ಶನಿವಾರ. ಹೋದ ವರ್ಷ ಸೆರಗಿಗೂ ಹತ್ತಿತ್ತು. ನಾಯಿ ಬೊಗಳಿತು, ಗೊತ್ತಾತು. ಈ ವರ್ಷ ಆ ನಾಯಿ ಇಲ್ಲ."

ಅವಳು ರೊಟ್ಟಿ ಮುರಿದು ಬಾಯಿಗಿಟ್ಟಳು. ಜಗಿಯುತ್ತ ಅವನ ಕೈ ಹುಡುಕಿ ಹಿಡಿದಳು.

"ಕೈ ನಡುಗಾಕತ್ತಾವಲ್ಲೋ ನಿನ್ನವು."

"ಗುಡ್ಡ ಹತ್ತಿ ಬಂದೇನಿ."

"ಗುಡ್ಡ ಹತ್ತಿದ್ರ ಕಾಲು ನಡುಗತಾವು." ಅವಳು ಕೈ ಬಿಡಲಿಲ್ಲ. "ಖರೆ ಹೇಳು. ಗೇರು ಬೀಳವಲ್ದೋ, ನೀ ಹೆದರಿದಿಯೋ?"

ದ್ಯಾಮಣ್ಣ ಕೊರಕಲಿನ ಕಡೆ ನೋಡಿದ. ಅವಳಿಗೆ ಅದು ಕಾಣುವಂತಿರಲಿಲ್ಲ.

"ಎರಡೂ," ಎಂದ.

"ಹಂಗಾರ ನಾ ನಡಕೊಂತ ಬರ್ತೇನಿ. ನಡಿ."

ಬೇಡವೆಂದರೂ ಕೇಳಲಿಲ್ಲ. ಗಂಟು ಬಗಲಿಗೇರಿಸಿ ಅವನ ಭುಜ ಹಿಡಿದು ಹೊರಟಳು. ಹನ್ನೆರಡು ಹೆಜ್ಜೆ ನೆಟ್ಟಗೆ ನಡೆದಳು. ಹದಿಮೂರನೆಯದಕ್ಕೆ ಕಲ್ಲು ಹೊರಳಿತು. ಮೊಳಕಾಲೂರಿ ಬಿದ್ದಳು. ಚೀಟಿ ಗಾಳಿಗೆ ಹಾರಿ ಕಳ್ಳಿಯ ಮುಳ್ಳಿಗೆ ಸಿಕ್ಕಿತು.

ದ್ಯಾಮಣ್ಣ ಅವಳನ್ನು ಎತ್ತಿಕೊಂಡು ಕಟ್ಟೆಗೆ ತಂದು ಕೂರಿಸಿದ. ಹನ್ನೆರಡೇ ಹೆಜ್ಜೆ. ಅಷ್ಟಕ್ಕೇ ಅವನ ಸೊಂಟ ಹಿಡಿಯಿತು. ಅವನಿಗೂ ಐವತ್ತೆರಡು.

ಮುಳ್ಳಿನಿಂದ ಚೀಟಿ ಬಿಡಿಸಿ ತಂದು ಮತ್ತೆ ಕಲ್ಲಿನ ಕೆಳಗಿಟ್ಟ.

ಅವಳು ಮೊಳಕಾಲು ತಿಕ್ಕುತ್ತ ಕುಳಿತಿದ್ದಳು. ಈಗ ನಗಲಿಲ್ಲ.

"ಮುಂದಿನ ವರ್ಷ ಬಸ್ಸು ಬರತೈತಿ," ಎಂದಳು. "ಆದ್ರ ಒಲಿ ದಿನಾ ಹಚ್ಚಬೇಕಲ್ಲೋ."

ಅವನು ಮಧ್ಯಾಹ್ನದ ಹೊತ್ತಿಗೆ ಕೆಳಗೆ ಬಂದ. ಉಣ್ಣಲಿಲ್ಲ. ಸೀದಾ ಜೀಪಿನ ಹತ್ತಿರ ಹೋದ.

ನಾಲ್ಕನೆಯ ಸಲ ಬಿಚ್ಚುವುದು.

ಲಿವರುಗಳ ಬುಡಕ್ಕೆ ಸುತ್ತಿದ್ದ ಬಟ್ಟೆ ಸಡಿಲವಾಗಿತ್ತು. ಅದನ್ನು ತೆಗೆದು ಒಗೆದ ಬಟ್ಟೆ ತಂದು ಬಿಗಿಯಾಗಿ ಸುತ್ತಿದ. ಅಲ್ಲಿ ವಿಭೂತಿ ಇತ್ತು. ಅದಕ್ಕೆ ಜಿಡ್ಡು ತಾಗಬಾರದು.

ಅದು ಮಠದ ರೂಢಿ. ಜೀಪು ಜಾರುಬಂಡೆಗೆ ಹೊರಡುವ ದಿನ ಲಿವರುಗಳ ಬುಡಕ್ಕೆ ಕಲಸಿದ ವಿಭೂತಿ ಹಚ್ಚಬೇಕು. ಕಾಯಿ ಒಡೆದು ನೀರನ್ನು ಅಲ್ಲಿಗೇ ಬಿಡಬೇಕು. ದ್ಯಾಮಣ್ಣ ಬರುವುದಕ್ಕಿಂತ ಮುಂಚಿನಿಂದ ನಡೆದು ಬಂದದ್ದು. ಅವನೂ ಒಂಬತ್ತು ವರ್ಷ ಒಂದು ದಿನ ತಪ್ಪಿಸಿರಲಿಲ್ಲ. ಭಕ್ತರು ಬಂದರೆ ಮೊದಲು ಗದ್ದುಗೆಗೆ ಕೈ ಮುಗಿಯುತ್ತಿದ್ದರು. ಆಮೇಲೆ ಬಂದು ಆ ಲಿವರುಗಳಿಗೆ.

ಅವನು ಗೋಣಿತಾಟು ಹಾಸಿ ಗಾಡಿಯ ಕೆಳಗೆ ತೂರಿದ. ಬಾಕ್ಸಿಗೂ ಲಿವರಿಗೂ ನಡುವಿನ ಕೊಂಡಿ ಕಳಚಿದ. ಬಾಕ್ಸಿನ ಕಡ್ಡಿಯನ್ನು ಕೈಯಿಂದ ನೂಕಿದ. ಗೇರು ಬೆಣ್ಣೆಯಲ್ಲಿ ಬೆರಳು ಹೋದ ಹಾಗೆ ಬಿತ್ತು.

ಕೊಂಡಿ ಜೋಡಿಸಿದ. ಮೇಲೆ ಹತ್ತಿ ಲಿವರು ಎಳೆದ. ಬೀಳಲಿಲ್ಲ.

ಮತ್ತೆ ಕಳಚಿದ. ಬಿತ್ತು. ಮತ್ತೆ ಜೋಡಿಸಿದ. ಬೀಳಲಿಲ್ಲ.

ಕೊಂಡಿಯನ್ನು ಬೆಳಕಿಗೆ ಹಿಡಿದು ನೋಡಿದ. ನೆಟ್ಟಗಿತ್ತು. ಒಂದು ಕೂದಲೆಳೆಯಷ್ಟೂ ಬಾಗಿರಲಿಲ್ಲ.

ಗಾಡಿಯ ಕೆಳಗೆ ಹಾಗೇ ಅಂಗಾತ ಮಲಗಿದ. ಎಣ್ಣೆಯ ಒಂದು ಹನಿ ಹಣೆಯ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ. ಇನ್ನೊಂದು ಬಿತ್ತು.

ಮೂವತ್ತು ವರ್ಷ ಗಾಡಿ ಓಡಿಸಿದ ಮನುಷ್ಯ ಅಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಒಮ್ಮೆ ಎದ್ದು ಬಂದು ನೋಡಿದರೆ ಏನು ಹೋಗುತ್ತದೆ?

ಅವನಿಗೆ ಸಿಟ್ಟು ಬಂತು. ಎದ್ದು ಹೋದ. ಕೈ ಕೂಡ ತೊಳೆಯಲಿಲ್ಲ.

"ಅಜ್ಜಾರ, ನೀವೊಮ್ಮೆ ಬಂದು ನೋಡ್ರಿ."

"ನನಗ ದಣಿವಾಗೈತಿ."

"ನನಗೂ ದಣಿವಾಗೈತ್ರಿ."

ಒಂಬತ್ತು ವರ್ಷದಲ್ಲಿ ಅವನು ಗುರುವಿಗೆ ಎದುರಾಡಿದ್ದು ಅದೇ ಮೊದಲು. ಆಡಿದ ಮೇಲೆ ಅವನಿಗೇ ಕೇಳಿಸಿತು. ತಲೆ ತಗ್ಗಿಸಿದ.

ಅಜ್ಜ ಈ ಕಡೆ ಹೊರಳಿದರು. ಅವನನ್ನು ನೋಡಿದರು. ಹಣೆಯ ಮೇಲಿನ ಎಣ್ಣೆ ನೋಡಿದರು.

"ಹಂಗಾರ ಇಬ್ರೂ ಮಲಗೂಣು," ಎಂದರು.

"ಅಜ್ಜಾರ, ನಾಡಿದ್ದು ಬಸ್ಸು ಬರತೈತಿ."

"ನಾಡಿದ್ದು ಬರತೈತಲ್ಲ. ಇವತ್ತು ಮಲಗು."

ದ್ಯಾಮಣ್ಣ ಹೊಸ್ತಿಲ ಹೊರಗೆ ಕುಳಿತ. ಇನ್ನೂ ಏನೋ ಹೇಳಬೇಕೆಂದಿದ್ದ. ಕಂಬಕ್ಕೆ ಒರಗಿದ. ಹೇಳುವ ಮುಂಚೆ ನಿದ್ದೆ ಬಂತು.

ಬುಧವಾರ ಹೊತ್ತು ಏರಿದ ಮೇಲೆ ಅಜ್ಜ ಕೋಲೂರಿಕೊಂಡು ಹೊರಗೆ ಬಂದರು. ಕಂಬಳಿ ಹೊದ್ದಿದ್ದರು. ಅಂಗಳ ದಾಟಲು ಮೂರು ಕಡೆ ನಿಂತರು.

ದ್ಯಾಮಣ್ಣ ಓಡಿಹೋಗಿ ಕೈ ಕೊಟ್ಟ. ಅಜ್ಜ ಕೈ ಹಿಡಿಯಲಿಲ್ಲ. ಜೀಪಿನ ಬಾಗಿಲು ಹಿಡಿದು ಹತ್ತಿ ಡ್ರೈವರ್ ಸೀಟಿನಲ್ಲಿ ಕುಳಿತರು. ನಾಲ್ಕು ವರ್ಷದಿಂದ ಅವರು ಆ ಸೀಟಿನಲ್ಲಿ ಕುಳಿತಿರಲಿಲ್ಲ.

ಲಿವರಿನ ಮೇಲೆ ಕೈ ಇಟ್ಟರು. ಎಳೆಯಲಿಲ್ಲ. ಬರೀ ಇಟ್ಟುಕೊಂಡಿದ್ದರು.

"ಕೈಯಿಂದ ನೂಕಿದ್ರ ಬೀಳತೈತಿ?"

"ಬೀಳತೈತ್ರಿ."

"ಲಿವರಿಂದ?"

"ಇಲ್ರಿ."

"ನಡುವ ಏನೈತಿ?"

"ಕೊಂಡಿ ಐತ್ರಿ. ನೋಡೇನಿ. ನೆಟ್ಟಗೈತಿ."

"ಅದರ ಮ್ಯಾಲೆ?"

"ಲಿವರು."

"ಅದರ ಬುಡಕ್ಕ?"

"ವಿಭೂತಿ ಐತ್ರಿ."

ಅಜ್ಜ ಸುತ್ತಿದ ಬಟ್ಟೆ ಮುಟ್ಟಿ ನೋಡಿದರು.

"ಈ ಅರಿವಿ ಯಾಕ?"

"ಜಿಡ್ಡು ತಾಗಬಾರದಂತ."

"ಚಲೋ ಕಟ್ಟಿದಿ," ಎಂದರು ಅಜ್ಜ. "ಸೀಮೆಎಣ್ಣಿ ತಾ."

ತಂದುಕೊಟ್ಟ. ಅಜ್ಜ ಬಟ್ಟೆ ಬಿಚ್ಚಿ ಅವನ ಕೈಗಿಟ್ಟರು. ಡಬ್ಬಿ ಬಗ್ಗಿಸಿ ಸೀಮೆಎಣ್ಣೆಯನ್ನು ಲಿವರಿನ ಬುಡಕ್ಕೆ ಸುರಿದರು. ಮೂರು ಬೆರಳ ಗೆರೆಗಳು ಕರಗಿ ಬೆಳ್ಳಗೆ ಹರಿದವು.

ದ್ಯಾಮಣ್ಣ ಒಂದು ಹೆಜ್ಜೆ ಹಿಂದೆ ಸರಿದ.

"ಅಜ್ಜಾರ! ವಿಭೂತಿ ಅದು!"

"ಹಣಿ ಮ್ಯಾಲಿದ್ರ ವಿಭೂತಿ," ಎಂದರು ಅಜ್ಜ. "ಇಲ್ಲಿ ಬೂದಿ. ಕೆರಿ."

ಅವನ ಕೈ ಮುಂದೆ ಬರಲಿಲ್ಲ. ಅಜ್ಜ ಕಾದರು. ಕೆಮ್ಮಿದರು. ಮತ್ತೆ ಕಾದರು.

ದ್ಯಾಮಣ್ಣ ಉಳಿ ತೆಗೆದುಕೊಂಡ.

ಮೇಲೆ ಪುಡಿಯಾಗಿತ್ತು. ಒಳಗೆ ಕಲ್ಲಾಗಿತ್ತು. ಬೂದಿ, ಕಾಯಿಯ ನೀರು, ದಾರಿಯ ಧೂಳು ವರ್ಷವರ್ಷವೂ ಕೂಡಿ ಲಿವರಿನ ಸುತ್ತ ಗಾರೆ ಹಾಕಿದ ಹಾಗೆ ಕೂತಿತ್ತು. ಲಿವರು ಹಿಂದೆ ಬರಬೇಕಾದ ಸಂದಿಯಲ್ಲಿ ತೆಂಗಿನ ಹೋಳಿನಷ್ಟು ದಪ್ಪದ ಗಟ್ಟಿ. ಲಿವರು ಬಂದು ಅದಕ್ಕೆ ಬಡಿದು ನಿಲ್ಲುತ್ತಿತ್ತು. ಕಾಯಿಯ ನೀರು ಇಳಿದು ಲಿವರು ತಿರುಗುವ ಗೂಟವೂ ತುಕ್ಕು ಹಿಡಿದಿತ್ತು.

ಅವನು ಮಧ್ಯಾಹ್ನದವರೆಗೂ ಕೆರೆದ. ಕೆರೆದದ್ದನ್ನು ಬುಟ್ಟಿಯಲ್ಲಿ ತುಂಬಿದ. ಬುಟ್ಟಿಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ನಿಂತ.

"ಯಾರು ಶುರು ಮಾಡಿದ್ರೋ ಇದನ್ನ," ಎಂದ. ದನಿಯಲ್ಲಿ ಬೇಸರವಿತ್ತು.

"ನಾನ," ಎಂದರು ಅಜ್ಜ.

ದ್ಯಾಮಣ್ಣ ತಿರುಗಿ ನೋಡಿದ.

"ಮೊದಲನೇ ಸಲ ಜಾರುಬಂಡಿ ಇಳಿಯೂ ದಿನ. ಹೆದರಿದ್ದೆ. ಏನರ ಹಚ್ಚಬೇಕು ಅನಿಸ್ತು, ಹಚ್ಚಿದೆ. ಮಂದಿ ನೋಡಿದ್ರು." ಅಜ್ಜ ಕಂಬಳಿ ಎಳೆದುಕೊಂಡರು. "ಬುಟ್ಟಿ ತಿಪ್ಪಿಗೆ ಹಾಕು. ಬದನಿಗಿಡಕ್ಕ ಚಲೋ."

ಗೂಟಕ್ಕೆ ಎಣ್ಣೆ ಬಿಟ್ಟ. ಗ್ರೀಸು ಮೆತ್ತಿದ. ಲಿವರು ಹಿಂದೆ ಮುಂದೆ ಸಲೀಸಾಗಿ ಆಡಿತು. ಅವನು ಹತ್ತಿ ಎಂಜಿನ್ ಶುರು ಮಾಡಿದ. ಮೊದಲು ಮುಂದಿನ ಗಾಲಿಗಳ ಲಿವರು ಎಳೆದ. ಕ್ಲಚ್ ತುಳಿದ. ಲೋ ಲಿವರು ಎಳೆದ.

ಕರಕರ.

ಮತ್ತೆ ಎಳೆದ. ಕರಕರ.

ಅವನ ಕೈ ಲಿವರಿನಿಂದ ತಾನಾಗಿ ಕೆಳಗೆ ಜಾರಿತು. ಕಣ್ಣಲ್ಲಿ ನೀರು ಬಂತು. ಐವತ್ತೆರಡು ವರ್ಷದ ಗಂಡಸು, ಹತ್ತೊಂಬತ್ತು ವರ್ಷದ ಮೆಕ್ಯಾನಿಕ್.

"ಆಗಲಿಲ್ರಿ ಅಜ್ಜಾರ. ಇದು ನನ್ನ ಕೈಲಿ ಆಗಂಗಿಲ್ಲ."

ಅಜ್ಜ ಈಗ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದರು.

"ನಿಂತ ಗಾಡಿಗೆ ಹೇಳಾಕತ್ತಿದಿ."

"ಓಡೂವಾಗ ಎಳದ್ರ ಹಲ್ಲು ಮುರೀತಾವ್ರಿ."

"ಹೌದು. ಓಡೂ ಗಾಡಿನೂ ಕೇಳಂಗಿಲ್ಲ."

"ಮತ್ತ ಯಾವಾಗ ಹೇಳಬೇಕ್ರಿ?"

ಅಜ್ಜ ಅಂಗಳದ ಇಳಿಜಾರನ್ನು ಕೋಲಿನಿಂದ ತೋರಿಸಿದರು.

"ನಿಲ್ಲಬೇಕು ಅಂತ ಮಾಡತೈತಲ್ಲ, ಆವಾಗ."

ದ್ಯಾಮಣ್ಣ ಬ್ರೇಕು ಬಿಟ್ಟ. ಗಾಡಿ ಇಳಿಜಾರಿನಲ್ಲಿ ತಾನೇ ಉರುಳಿತು. ಕೆಳಗೆ ನೆಲ ಮಟ್ಟಸವಾಯಿತು. ಗಾಲಿಗಳ ವೇಗ ಇಳಿಯಿತು. ಮಗು ನಡೆಯುವಷ್ಟು, ಅದಕ್ಕಿಂತ ಕಡಿಮೆ, ನಿಂತೇ ಬಿಟ್ಟಿತು ಅನ್ನುವಷ್ಟು.

ಲಿವರು ಎಳೆದ. ಜೋರು ಮಾಡಲಿಲ್ಲ.

ಬಿತ್ತು. ಸದ್ದೇ ಆಗಲಿಲ್ಲ.

ಅವನು ಗಾಡಿಯನ್ನು ಅಂಗಳದಲ್ಲಿ ಮೂರು ಸುತ್ತು ಓಡಿಸಿದ. ಎಮ್ಮೆಯ ಹಾಗೆ ನಡೆಯಿತು. ಕಳಚಲಿಲ್ಲ. ತಿರುಗಿ ನೋಡಿದರೆ ಅಜ್ಜ ಕಲ್ಲಿನ ಮೇಲೆ ಕುಳಿತಲ್ಲೇ ಕಣ್ಣು ಮುಚ್ಚಿದ್ದರು. ಹತ್ತಿರ ಹೋದ. ಗೊರಕೆ ಹೊಡೆಯುತ್ತಿದ್ದರು.

ಗುರುವಾರ ಬೆಳಕು ಹರಿಯುವಾಗ ಜೀಪು ಹೊರಟಿತು. ಅಜ್ಜ ಬಂದು ಪಕ್ಕದ ಸೀಟಿನಲ್ಲಿ ಕುಳಿತರು.

"ನಿಮಗ ಜ್ವರ ಐತ್ರಿ ಅಜ್ಜಾರ."

"ಜೀಪಿಗೆ ಇಲ್ಲಲ್ಲ. ನಡಿ."

ಹತ್ತುವುದು ಕಷ್ಟವಾಗಲಿಲ್ಲ. ಜಾರುಬಂಡೆಯನ್ನು ಗಾಡಿ ಗೊಣಗುತ್ತ ಹತ್ತಿತು. ದ್ಯಾಮಣ್ಣ ಕೊರಕಲಿನ ಕಡೆ ನೋಡಲಿಲ್ಲ.

ತಿಪ್ಪವ್ವ ದಾರಿಗೇ ಬಂದು ನಿಂತಿದ್ದಳು. ತಲೆ ಬಾಚಿ ಎಣ್ಣೆ ಹಚ್ಚಿದ್ದಳು. ಬಗಲಲ್ಲಿ ಗಂಟು, ಮುಷ್ಟಿಯಲ್ಲಿ ಚೀಟಿ.

"ಬಿತ್ತೇನೋ?"

"ಬಿತ್ತು ಬೇ."

"ಅಜ್ಜಾರೂ ಬಂದಾರೇನು? ಕೆಮ್ಮು ಕೇಳಸ್ತು." ಅವಳು ಗಾಳಿಯ ಕಡೆ ಕೈ ಮುಗಿದಳು. ಅಜ್ಜ ಇನ್ನೊಂದು ಕಡೆ ಇದ್ದರು. "ಶರಣ್ರಿ ಯಪ್ಪಾ. ನನ್ನ ಸಲುವಾಗಿ ನೀವ್ಯಾಕ ಬಂದ್ರಿ?"

"ನಿನ್ನ ಸಲುವಾಗಿ ಅಲ್ಲ," ಎಂದರು ಅಜ್ಜ. "ಹತ್ತು ದಿನ ಗ್ವಾಡಿ ನೋಡಿ ಬ್ಯಾಸರಾಗಿತ್ತು."

ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕಂಬಿ ಹಿಡಿಸಿದ.

ಜಾರುಬಂಡೆಯ ತಲೆಗೆ ಬಂದಾಗ ಏಳು ಗಂಟೆ ಕಳೆದಿತ್ತು. ದ್ಯಾಮಣ್ಣ ಗಾಡಿ ನಿಲ್ಲಿಸಿದ. ಲೋ ಗೇರು ಬಿದ್ದಿತ್ತು. ಮುಟ್ಟಿ ನೋಡಿದ. ಮತ್ತೊಮ್ಮೆ ಮುಟ್ಟಿ ನೋಡಿದ.

ಮುಂದೆ ಬರೀ ಬಂಡೆ. ರಾತ್ರಿಯ ಇಬ್ಬನಿಯಿಂದ ಒದ್ದೆಯಾಗಿ ಹೊಳೆಯುತ್ತಿತ್ತು.

ಕ್ಲಚ್ ಬಿಟ್ಟ. ಗಾಡಿ ಮೂಗು ಕೆಳಗೆ ಮಾಡಿತು. ಅವನ ಬಲಗಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ತುಳಿಯಿತು. ಗಾಲಿಗಳು ಹಿಡಿದುಕೊಂಡವು. ಹಿಡಿದುಕೊಂಡ ಗಾಲಿಗಳು ಒದ್ದೆ ಕಲ್ಲಿನ ಮೇಲೆ ಜಾರಿದವು. ಗಾಡಿಯ ಹಿಂಭಾಗ ಎಡಕ್ಕೆ, ಕೊರಕಲಿನ ಕಡೆ, ಒಂದು ಗೇಣು ಹೊರಳಿ ನಿಂತಿತು. ಎಂಜಿನ್ ಆರಿತು.

ಕೆಳಗೆ ಎಲ್ಲೋ ಒಂದು ಸಣ್ಣ ಕಲ್ಲು ಉರುಳುತ್ತ ಹೋಯಿತು.

"ಕಾಲು ತೆಗಿ," ಎಂದರು ಅಜ್ಜ.

"ತೆಗದ್ರ ಹೋಗತೈತ್ರಿ."

"ಗೇರು ಹಿಡಕೊಂಡೈತಿ."

"ಅವತ್ತೂ ಹಿಡಕೊಂಡಿತ್ರಿ. ನಡುವ ಬಿಟ್ಟಿತು."

ಅಜ್ಜ ಕೆಮ್ಮಿದರು.

ಹಿಂದಿನಿಂದ ತಿಪ್ಪವ್ವ ಕೇಳಿದಳು. "ಯಾಕೋ ನಿಂತಿ? ಇಳಿದು ದೂಡಲೇನು?"

"ಸುಮ್ಮನ ಕೂಡು ಬೇ ಯವ್ವಾ!"

"ಕುಂತೇನಲ್ಲೋ. ನನಗ ಹೆಂಗೂ ಏನೂ ಕಾಣಸಂಗಿಲ್ಲ. ಕಾಣಸೂದು ನಿನಗ. ತ್ರಾಸು ನಿನ್ನದ."

ದ್ಯಾಮಣ್ಣ ಅಜ್ಜನ ಕಡೆ ನೋಡಿದ. ಏನಾದರೂ ಹೇಳಲಿ ಎಂದು ನೋಡಿದ. ಒಂಬತ್ತು ವರ್ಷ ಕಾದಿದ್ದ. ಈಗಲಾದರೂ ಒಂದು ಮಾತು.

ಅಜ್ಜ ಚಪ್ಪಲಿ ಕಳಚಿದರು. ಒಂದು ಕಾಲನ್ನು ಎತ್ತಿ ಸೀಟಿನ ಮೇಲಿಟ್ಟರು. ನರಳುತ್ತ ಇನ್ನೊಂದನ್ನೂ ಎತ್ತಿದರು. ಮೊಳಕಾಲು ಕಟಕ್ಕೆಂದಿತು. ಚಕ್ಕಳಮಕ್ಕಳ ಹಾಕಿ ಕುಳಿತರು. ಎರಡೂ ಕೈ ತೊಡೆಯ ಮೇಲಿಟ್ಟರು. ಏನನ್ನೂ ಹಿಡಿದುಕೊಳ್ಳಲಿಲ್ಲ.

ಆಮೇಲೆ ಕಣ್ಣು ಮುಚ್ಚಿದರು.

ದ್ಯಾಮಣ್ಣ ಆ ಕಾಲುಗಳನ್ನು ನೋಡಿದ. ಒಡೆದ ಹಿಮ್ಮಡಿ, ಬಾತ ಗಿಣ್ಣು.

ಚಾವಿ ತಿರುಗಿಸಿದ. ಎಂಜಿನ್ ಹತ್ತಿಕೊಂಡಿತು. ಕ್ಲಚ್ ನಿಧಾನವಾಗಿ ಬಿಟ್ಟ. ಎಡಗಾಲು ತೆಗೆದು ನೆಲಕ್ಕಿಟ್ಟ. ಬಲಗಾಲು ಬ್ರೇಕಿನ ಮೇಲೇ ಇತ್ತು.

ಅದನ್ನೂ ತೆಗೆದ.

ಗಾಡಿ ಒಮ್ಮೆ ಮುಂದಕ್ಕೆ ವಾಲಿತು. ಎಂಜಿನ್ ಗುರ್ ಎಂದಿತು. ಗಾಡಿ ಓಡಲಿಲ್ಲ. ಬಂಡೆಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟ ಹಾಗೆ ಇಳಿಯತೊಡಗಿತು. ಹಿಂಭಾಗ ಬಲಕ್ಕೆ ಬಂದು ನೆಟ್ಟಗಾಯಿತು.

ಹಿಂದೆ ಚೀಲ ಬಿದ್ದ ಜಾಗ ಬಂತು. ಅವನ ಕಾಲು ಎದ್ದಿತು. ಬ್ರೇಕಿನ ಮೇಲೆ ಗಾಳಿಯಲ್ಲಿ ನಿಂತಿತು. ಅವನು ಅದನ್ನು ಸೀಟಿನ ಕೆಳಕ್ಕೆ ಎಳೆದುಕೊಂಡು ಹಿಮ್ಮಡಿಯಿಂದ ಒತ್ತಿ ಹಿಡಿದ.

ಗೇರು ಕಳಚಲಿಲ್ಲ.

ಇಳಿಯಲು ಹಿಡಿದದ್ದು ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟು ಹೊತ್ತು. ಅವನಿಗೆ ಅದು ತಿಳಿಯಲಿಲ್ಲ. ಮಣ್ಣಿನ ದಾರಿ ಸಿಕ್ಕಿದಾಗ ಅಂಗಿ ಬೆನ್ನಿಗೆ ಅಂಟಿತ್ತು.

"ಇಳಿದೇನು?" ಎಂದಳು ತಿಪ್ಪವ್ವ.

"ಇಳಿದ್ವಿ."

"ಇಷ್ಟಕ್ಕ ಇಪ್ಪತ್ತು ದಿನಾ ಮಾಡಿದಿ," ಎಂದಳು ಅವಳು. ಕಂಬಿ ಹಿಡಿದಿದ್ದ ಅವಳ ಸುಟ್ಟ ಅಂಗೈಯ ಅರಿಸಿನವೆಲ್ಲ ಕಂಬಿಗೆ ಹತ್ತಿತ್ತು.

ಸೇತುವೆಯ ಹತ್ತಿರ ಬಸ್ಸು ಹಾರನ್ ಹೊಡೆಯುತ್ತಿತ್ತು. ಒಳಗೆ ಆಗಲೇ ಜನ ಕುಳಿತಿದ್ದರು. ನರ್ಸಮ್ಮ ಒಬ್ಬಳು ಬಾಗಿಲಲ್ಲಿ ನಿಂತು ಪಟ್ಟಿ ನೋಡುತ್ತಿದ್ದಳು. ದ್ಯಾಮಣ್ಣ ದೂರದಿಂದಲೇ ಕೈ ಎತ್ತಿ ಕೂಗಿದ.

ನರ್ಸಮ್ಮ ಚೀಟಿ ನೋಡಿದಳು. ಮುಳ್ಳು ಚುಚ್ಚಿ ಅದರಲ್ಲಿ ಮೂರು ತೂತು ಬಿದ್ದಿದ್ದವು. ಹೆಸರು ಓದಲು ಬಂತು.

"ಅಜ್ಜಿ, ಜೋಡಿ ಯಾರು ಬರ್ತಾರ?"

"ಯಾರೂ ಇಲ್ಲ ಯವ್ವಾ. ನೀ ಅದೀಯಲ್ಲ," ಎಂದಳು ತಿಪ್ಪವ್ವ.

ಕೈ ಹಿಡಿದು ಹತ್ತಿಸಿದರು. ಅವಳು ಮೆಟ್ಟಿಲ ಮೇಲೆ ನಿಂತು ತಿರುಗಿದಳು. ಏನೋ ಹೇಳಲು ಬಾಯಿ ತೆರೆದಳು. ಹಿಂದಿನವರು ಒಳಗೆ ನಡಿ ಎಂದರು. ಒಳಗೆ ಹೋದಳು. ಬಾಗಿಲು ಮುಚ್ಚಿತು. ಬಸ್ಸು ಸೇತುವೆ ದಾಟಿ ತಿರುವಿನಲ್ಲಿ ಮರೆಯಾಯಿತು.

ಧೂಳು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ದ್ಯಾಮಣ್ಣ ಜೀಪಿನ ಮುಂದಿನ ಬಂಪರಿನ ಮೇಲೆ ಕುಳಿತ. ಕಾಲು ಇನ್ನೂ ನಡುಗುತ್ತಿದ್ದವು. ಎರಡೂ ಕೈಯಿಂದ ಮೊಳಕಾಲು ಅದುಮಿ ಹಿಡಿದ. ನಿಲ್ಲಲಿಲ್ಲ.

ಅಜ್ಜ ಸೀಟಿನಿಂದ ಇಳಿದಿರಲಿಲ್ಲ. ಇಳಿಯುವಷ್ಟು ಶಕ್ತಿ ಇದ್ದ ಹಾಗೆ ಕಾಣಲಿಲ್ಲ.

"ಅಜ್ಜಾರ," ಎಂದ ದ್ಯಾಮಣ್ಣ. "ನನ್ನ ಹೆದರಿಕಿ ಹೋಗಲಿಲ್ರಿ."

ಅಜ್ಜ ಖಾಲಿ ದಾರಿಯನ್ನು ನೋಡುತ್ತಿದ್ದರು.

"ತಿಪ್ಪವ್ವ ಬಸ್ ಹತ್ತಿದ್ಲು."